ಬ್ಲಫ್‌ಗೆ ಹೋದರೆ ಜಲಪಾತ ಆಮೇಲೆ ನೋಡಿ, ಮೊದಲು ನದಿ ನೋಡಿ

ಪ್ರಶ್ನೆ: ನಾನು ಮಂಡ್ಯದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಜಲವಿದ್ಯುತ್ ಪಾಠ ಮಾಡುವಾಗ ಬ್ರೆಜಿಲ್ ಮತ್ತು ಪರಾಗ್ವೆ ಗಡಿಯಲ್ಲಿರುವ ಇಟೈಪು ಸ್ಥಾವರದ ವಿಷಯ ಹೇಳಿದೆ. ಸ್ಥಾವರದವರೇ ಅಲ್ಲಿ ಒಂದು ಪರಿಸರ ಉದ್ಯಾನ ನಡೆಸುತ್ತಾರೆ, ಜನ ಕಾಡುಪ್ರಾಣಿ ನೋಡಲು ಹೋಗುತ್ತಾರೆ ಎಂದೆ. ಒಬ್ಬ ಹುಡುಗಿ ಎದ್ದು ನಿಂತು, ‘ನಮ್ಮ ಶಿವನಸಮುದ್ರ ಅದಕ್ಕಿಂತ ಹಳೇದು ಅಲ್ವಾ ಸಾರ್, ನಮ್ಮಲ್ಲಿ ಯಾಕಿಲ್ಲ?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಒಂಬತ್ತನೇ ಕ್ಲಾಸಿನ ನಲವತ್ತು ಮಕ್ಕಳನ್ನು ಶಿವನಸಮುದ್ರದ ಪವರ್‌ಹೌಸ್ ಇರುವ ಬ್ಲಫ್‌ಗೆ ಕರೆದುಕೊಂಡು ಹೋಗಬೇಕು ಎಂದಿದ್ದೇನೆ. ಇಂಥ ಉದ್ಯಾನಗಳಿಂದ ನದಿಗೆ ನಿಜವಾಗಿ ಉಪಯೋಗ ಇದೆಯಾ? ನಮ್ಮಲ್ಲಿ ಏನು ತೋರಿಸಲಿ? ಯಾವಾಗ ಹೋಗಲಿ?

ಉತ್ತರ: ಮೇಷ್ಟ್ರೇ, ಆ ಹುಡುಗಿಗೆ ಮೊದಲು ಶಭಾಷ್ ಹೇಳಿ. ನಾನು ಜಲವಿದ್ಯುತ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ನನಗೆ ಈ ಪ್ರಶ್ನೆ ಹುಟ್ಟಿದ್ದು ಕೆಲಸಕ್ಕೆ ಸೇರಿ ಹತ್ತು ವರ್ಷ ಆದ ಮೇಲೆ. ಅವಳಿಗೆ ಒಂಬತ್ತನೇ ಕ್ಲಾಸಿನಲ್ಲೇ ಹುಟ್ಟಿದೆ.

ಇಟೈಪುವಿನಿಂದಲೇ ಶುರು ಮಾಡೋಣ. ಅಲ್ಲಿ ಉದ್ಯಾನ ಯಾಕೆ ಬಂತು ಅನ್ನೋದು ತಿಳಿದರೆ ನಮ್ಮಲ್ಲಿ ಯಾಕಿಲ್ಲ ಅನ್ನೋದು ತಾನಾಗಿ ತಿಳಿಯುತ್ತದೆ. ಪರಾನಾ ನದಿಗೆ ಕಟ್ಟಿದ ಆ ಅಣೆಕಟ್ಟೆಯಲ್ಲಿ ಒಂದೊಂದೂ 700 ಮೆಗಾವ್ಯಾಟ್‌ನ 20 ಯಂತ್ರಗಳಿವೆ. ಒಟ್ಟು 14,000 ಮೆಗಾವ್ಯಾಟ್. 1982ರಲ್ಲಿ ಜಲಾಶಯ ತುಂಬಿಸಿದಾಗ ಎರಡು ವಾರದಲ್ಲಿ ಸುಮಾರು 1,350 ಚದರ ಕಿ.ಮೀ. ನೆಲ ನೀರಿನಡಿ ಹೋಯಿತು. ಸೆತೆ ಕ್ವೆಡಾಸ್ ಎಂಬ ಜಲಪಾತಗಳ ಸಾಲು ಇತ್ತು, ಅದೂ ಮುಳುಗಿತು. ನೀರು ಏರುತ್ತಿದ್ದಾಗ ದೋಣಿಯಲ್ಲಿ ಹೋಗಿ, ನಡುಗಡ್ಡೆಗಳ ಮೇಲೆ, ಮರದ ತುದಿಗಳಲ್ಲಿ ಸಿಕ್ಕಿಬಿದ್ದ ಪ್ರಾಣಿಗಳನ್ನು ಸಾವಿರಗಟ್ಟಲೆ ಹಿಡಿದು ತಂದರು. ತಂದವನ್ನು ಇಡಲು ಜಾಗ ಬೇಕಲ್ಲ? ಬೆಲಾ ವಿಸ್ತಾ ಎಂಬ ಅಲ್ಲಿನ ಆಶ್ರಯಧಾಮದ ಬೇರು ಇರುವುದು ಅಲ್ಲಿ. ಈಗ ಅಲ್ಲಿ ಹಾರ್ಪಿ ಹದ್ದು ಮರಿ ಮಾಡುತ್ತದೆ, ಜಾಗ್ವಾರ್ ಮರಿ ಹಾಕಿದೆ. ಜಲಾಶಯದ ಸುತ್ತ ಕಾಡಿನ ಪಟ್ಟಿ ಬೆಳೆಸಲು ಕೋಟಿಗಟ್ಟಲೆ ಸಸಿ ನೆಟ್ಟಿದ್ದಾರೆ. ಮೀನು ಹತ್ತಿ ಹೋಗಲಿ ಎಂದು ಅಣೆಕಟ್ಟೆಯನ್ನು ಬಳಸಿ 10 ಕಿ.ಮೀ. ಉದ್ದದ ಕಾಲುವೆಯನ್ನೇ ಮಾಡಿದ್ದಾರೆ.

ಅಂದರೆ ಆ ಉದ್ಯಾನ ಸಾಲ ತೀರಿಸುವ ಒಂದು ದಾರಿ. ಮುಳುಗಿಸಿದ್ದು ದೊಡ್ಡದು, ಆದ್ದರಿಂದ ಸಾಲವೂ ದೊಡ್ಡದು. ಉಪಯೋಗ ಇದೆಯಾ ಎಂದು ಕೇಳಿದ್ದೀರಿ. ಇದೆ, ಖಂಡಿತ ಇದೆ. ಹಾರ್ಪಿ ಹದ್ದಿನ ಮರಿ ಬಣ್ಣದ ಮಾತಲ್ಲ. ಆದರೆ ಮುಳುಗಿದ ಜಲಪಾತ ಆ ಉದ್ಯಾನದಲ್ಲಿ ಎಲ್ಲೂ ಸಿಗುವುದಿಲ್ಲ. ಮಕ್ಕಳಿಗೆ ಎರಡನ್ನೂ ಹೇಳಿ.

ಈಗ ನಮ್ಮ ಊರಿಗೆ ಬನ್ನಿ. ಶಿವನಸಮುದ್ರದಲ್ಲಿ ಕೆಲಸ ಬೇರೆ ರೀತಿ. ಅಲ್ಲಿ ಕಾಡು ಮುಳುಗಿಸುವ ಜಲಾಶಯವನ್ನೇ ಕಟ್ಟಲಿಲ್ಲ. ಜಲಪಾತಕ್ಕಿಂತ ಮೇಲೆ ನದಿಗೆ ಅಡ್ಡ ಒಂದು ತಗ್ಗಿನ ಕಟ್ಟೆ. ಅಲ್ಲಿಂದ ನೀರು ನಾಲೆಗೆ ತಿರುಗುತ್ತದೆ. ನಾಲೆ ಹೆಚ್ಚು ಇಳಿಜಾರಿಲ್ಲದೆ ಗುಡ್ಡದ ಅಂಚಿನವರೆಗೆ ಬರುತ್ತದೆ. ಆ ಅಂಚಿಗೇ ಬ್ಲಫ್ ಎಂದು ಹೆಸರು ಬಿತ್ತು, ಕಾಲೊನಿಗೂ ಅದೇ ಹೆಸರು ನಿಂತಿತು. ಅಂಚಿನಿಂದ ದಪ್ಪ ಕಬ್ಬಿಣದ ಕೊಳವೆಗಳಲ್ಲಿ ನೀರು ಸುಮಾರು 400 ಅಡಿ ಕೆಳಗಿನ ಪವರ್‌ಹೌಸಿಗೆ ಇಳಿಯುತ್ತದೆ. ಟರ್ಬೈನ್ ತಿರುಗಿಸಿ ಮತ್ತೆ ಕಾವೇರಿಗೇ ಸೇರುತ್ತದೆ. ಒಂದು ಹನಿಯೂ ಖರ್ಚಾಗುವುದಿಲ್ಲ.

ಖರ್ಚಾಗುವುದಿಲ್ಲ ಅಂದ ಮೇಲೆ ನದಿಗೆ ಏನು ತೊಂದರೆ? ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಬೇಸಿಗೆ, ಒಬ್ಬ ಹಿರಿಯ ಫಿಟ್ಟರ್ ನನ್ನನ್ನು ಹಳೇ ನದಿಯ ಬಂಡೆಗಳ ಮೇಲೆ ಕರೆದುಕೊಂಡು ಹೋದರು. ನಾವಿಬ್ಬರೂ ನದಿಯ ನಡುಮಧ್ಯೆ ಚಪ್ಪಲಿ ಹಾಕಿಕೊಂಡು ನಿಂತಿದ್ದೆವು. ಕಾಲಿಗೆ ನೀರು ತಾಗಲಿಲ್ಲ. ಬಂಡೆಯ ಗುಂಡಿಯೊಂದರಲ್ಲಿ ಮೊಣಕಾಲುದ್ದ ನೀರು ಉಳಿದಿತ್ತು. ಅದರಲ್ಲಿ ಬೆರಳುದ್ದದ ಮೀನುಗಳು ಬಾಯಿ ಮೇಲೆ ಮಾಡಿ ಗುಳುಗುಳು ಅನ್ನುತ್ತಿದ್ದವು. ನೀರು ಮುಟ್ಟಿದೆ, ಬಚ್ಚಲ ಹಂಡೆಯ ನೀರಿನ ಹಾಗೆ ಬೆಚ್ಚಗಿತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಅವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ದೂರದಲ್ಲಿ ಪವರ್‌ಹೌಸಿನ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ನದಿ ಇತ್ತು, ಆದರೆ ನಾವು ನಿಂತ ಜಾಗದಲ್ಲಿ ಇರಲಿಲ್ಲ.

ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ. ಯಾವುದೇ ಜಲವಿದ್ಯುತ್ ಸ್ಥಾವರಕ್ಕೆ ಹೋಗಿ, ಅಲ್ಲಿ ಎಷ್ಟೇ ಚೆಂದದ ಉದ್ಯಾನ ಇರಲಿ, ಕಟ್ಟೆಯಿಂದ ಪವರ್‌ಹೌಸಿನ ನೀರು ಹೊರಬೀಳುವ ಬಾಯಿಯವರೆಗೆ ಹಳೇ ನದಿ ಹೇಗಿದೆ ಅಂತ ನೋಡಬೇಕು. ಆ ಕೆಲವು ಕಿಲೋಮೀಟರಿನಲ್ಲಿ ನೀರು ಹರಿಯುತ್ತಿದ್ದರೆ ಅದೇ ನಿಜವಾದ ಪರಿಸರ ಉದ್ಯಾನ. ಬೋರ್ಡು ಇರಬೇಕಾಗಿಲ್ಲ, ಟಿಕೆಟ್ಟೂ ಬೇಕಾಗಿಲ್ಲ.

ಮಂಡ್ಯದ ಮಕ್ಕಳಿಗೆ ಕ್ಯುಸೆಕ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಸೆಕೆಂಡಿಗೆ ಒಂದು ಘನ ಅಡಿ ನೀರು, ಮನೆಯಲ್ಲಿ ದಿನಾ ಕೇಳುವ ಮಾತು. ಹಾಗಾಗಿ ಬಸ್ಸಿನಲ್ಲೇ ಈ ಲೆಕ್ಕ ಮಾಡಿಸಿ. ಒಂದು ಸೆಕೆಂಡಿಗೆ 1,000 ಲೀಟರ್ ನೀರು 120 ಮೀಟರ್ ಕೆಳಗೆ ಬಿದ್ದರೆ, ಕೊಳವೆಯಲ್ಲಿ, ಯಂತ್ರದಲ್ಲಿ ಆಗುವ ನಷ್ಟ ಕಳೆದು ಸುಮಾರು 1 ಮೆಗಾವ್ಯಾಟ್ ಸಿಗುತ್ತದೆ. ಶಿವನಸಮುದ್ರದ ಸಾಮರ್ಥ್ಯ 42 ಮೆಗಾವ್ಯಾಟ್. ಅಂದರೆ ಎಲ್ಲ ಯಂತ್ರ ಪೂರ್ತಿ ಓಡಲು ಸೆಕೆಂಡಿಗೆ ಸುಮಾರು 42,000 ಲೀಟರ್ ಬೇಕು. ನಮ್ಮ ಭಾಷೆಯಲ್ಲಿ ಹೆಚ್ಚುಕಮ್ಮಿ 1,500 ಕ್ಯುಸೆಕ್. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಬಿಡುವ ನೀರೇ ಲಕ್ಷ ಕ್ಯುಸೆಕ್ ದಾಟಿದ ವರ್ಷಗಳಿವೆ. ಆಗ ಸ್ಥಾವರ ತೆಗೆದುಕೊಳ್ಳುವ 1,500 ನದಿಗೆ ಲೆಕ್ಕಕ್ಕೇ ಇಲ್ಲ. ಬೇಸಿಗೆಯಲ್ಲಿ ನದಿಯಲ್ಲಿ ಬರುವುದೇ ಅಷ್ಟು ಅಂದುಕೊಳ್ಳಿ. ಆಗ ಅದೇ 1,500 ಇಡೀ ನದಿ.

ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಿ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ರಾಜ್ಯಗಳಿಗೆ 740 ಟಿಎಂಸಿ ನೀರು ಹಂಚಿತು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ಪರಿಸರ ರಕ್ಷಣೆಗೆ ಎಂದು ಎತ್ತಿಟ್ಟದ್ದು 10 ಟಿಎಂಸಿ. ನೂರಕ್ಕೆ ಒಂದೂವರೆ ಪಾಲೂ ಅಲ್ಲ. ಆ 10 ಟಿಎಂಸಿಯನ್ನು ವರ್ಷಪೂರ್ತಿ ಒಂದೇ ಸಮನೆ ಬಿಟ್ಟರೆ ಎಷ್ಟು ಕ್ಯುಸೆಕ್ ಎಂದು ಮಕ್ಕಳಿಂದ ಭಾಗಾಕಾರ ಮಾಡಿಸಿ. 320ರ ಒಳಗೇ ನಿಲ್ಲುತ್ತದೆ. ಗಂಗೆಯ ಮೇಲ್ಭಾಗಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಚಳಿಗಾಲದಲ್ಲಿ ಆಯಾ ತಿಂಗಳ ಸರಾಸರಿ ಹರಿವಿನ ನೂರಕ್ಕೆ 20 ಭಾಗ, ಮಳೆಗಾಲದಲ್ಲಿ 30 ಭಾಗ ನದಿಯಲ್ಲೇ ಉಳಿಯಬೇಕು. ನಮ್ಮ ಕಾವೇರಿಗೂ ತಿಂಗಳ ಲೆಕ್ಕದ ಇಂಥ ನಿಯಮ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗದ್ದೆಗೆ ನೀರು ಬೇಕು, ಊರಿಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಲು ಕೇಳುವವರ ಸಾಲಿನಲ್ಲಿ ನದಿಯೂ ಒಬ್ಬಳು ಅಂತ ಲೆಕ್ಕ ಹಿಡಿಯಬೇಕು.

ಇತಿಹಾಸ ಹೇಳಿದರೆ ಮಕ್ಕಳಿಗೆ ಜಾಸ್ತಿ ಇಷ್ಟವಾಗುತ್ತದೆ. ಉದ್ದ ಮಾಡಬೇಡಿ. 1902ರ ಜೂನ್ ಕೊನೆಯಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. 147 ಕಿ.ಮೀ. ತಂತಿ. ಇದರ ಹಿಂದೆ ಬಿದ್ದು ಮಾಡಿಸಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು, ಅವರಿಗೆ ಆ ದಿನ ನೋಡಲು ಸಿಗಲಿಲ್ಲ. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಗೆ ಕರೆಂಟ್ ಸಾಲದು. ಕನ್ನಂಬಾಡಿ ಕಟ್ಟೆ ಕಟ್ಟಲು ಇದೂ ಒಂದು ದೊಡ್ಡ ಕಾರಣ. 1911ರಲ್ಲಿ ಕೆಲಸ ಶುರುವಾಯಿತು. ನಾವು ಅದನ್ನು ಗದ್ದೆಯ ಕಟ್ಟೆ ಅಂತಲೇ ನೆನೆಯುತ್ತೇವೆ. ಬ್ಲಫ್‌ನ ಟರ್ಬೈನಿಗೂ ಅದು ಬೇಕಿತ್ತು. ನಿಮ್ಮ ಮಕ್ಕಳ ಮನೆಯ ನಾಲೆ ನೀರಿಗೂ ಶಿವನಸಮುದ್ರಕ್ಕೂ ಹೀಗೆ ಹಳೇ ನೆಂಟಸ್ತಿಕೆ ಇದೆ.

ಪವರ್‌ಹೌಸ್ ಒಳಗೆ ಹೋಗಬೇಕಾದರೆ ಕರ್ನಾಟಕ ವಿದ್ಯುತ್ ನಿಗಮಕ್ಕೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಮೊದಲೇ ಬರೆದು ಅನುಮತಿ ಕೇಳಿ. ಮಕ್ಕಳ ಪಟ್ಟಿ, ಜೊತೆಗೆ ಬರುವ ಶಿಕ್ಷಕರ ಹೆಸರು, ದಿನ, ಹೊತ್ತು ಎಲ್ಲ ಬರೆಯಿರಿ. ಗೇಟಿನ ಹತ್ತಿರ ಹೋಗಿ ಕೇಳಿಕೊಂಡರೆ ಆಗುವ ಕೆಲಸ ಅಲ್ಲ ಇದು. ಅನುಮತಿ ಸಿಗದಿದ್ದರೂ ಪ್ರವಾಸ ಕೆಡುವುದಿಲ್ಲ. ನನ್ನನ್ನು ಕೇಳಿದರೆ ತೋರಿಸಬೇಕಾದ್ದರಲ್ಲಿ ಮುಕ್ಕಾಲು ಪಾಲು ಗೇಟಿನ ಹೊರಗೇ ಇದೆ.

ಒಳಗೆ ಬಿಟ್ಟರೆ ಟರ್ಬೈನಿಗಿಂತ ಮೊದಲು ಒಂದು ಜಾಗ ತೋರಿಸಿ ಎಂದು ಕೇಳಿ. ನಾಲೆಯ ಕೊನೆಯಲ್ಲಿ, ಕೊಳವೆಗೆ ನೀರು ನುಗ್ಗುವ ಮೊದಲು, ಕಬ್ಬಿಣದ ಪಟ್ಟಿಗಳ ಜಾಲರಿ ಇರುತ್ತದೆ. ಕಸ ಟರ್ಬೈನಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ನಾನು ಕೆಲಸ ಮಾಡಿದ ಒಂದು ಸ್ಥಾವರದಲ್ಲಿ ಉದ್ದ ಹಿಡಿಯ ಕುಂಟೆಯಿಂದ ಆ ಜಾಲರಿಯನ್ನು ದಿನಾ ಕೆರೆಯುತ್ತಿದ್ದರು. ಒಂದು ಬೆಳಗ್ಗೆ ಕಟ್ಟೆಯ ಮೇಲೆ ಎಳೆದು ಹಾಕಿದ ರಾಶಿಯನ್ನು ನಾನು ಕೋಲಿನಿಂದ ಬಿಡಿಸಿ ನೋಡಿದೆ. ಅಂತರಗಂಗೆ ಗಿಡ ಬುಟ್ಟಿಗಟ್ಟಲೆ. ಒಂಟಿ ಚಪ್ಪಲಿಗಳು. ಎಳನೀರಿನ ಬುರುಡೆ. ದೇವರ ಹಾರ, ಹೂವೆಲ್ಲ ಕೊಳೆತು ಪ್ಲಾಸ್ಟಿಕ್ ದಾರ ಮಾತ್ರ ಉಳಿದದ್ದು. ಶಾಂಪೂ ಚೀಟಿ, ಗುಟ್ಕಾ ಚೀಟಿ. ಆ ರಾಶಿಯೊಳಗೆ ಅಂಗೈಯಗಲದ ಒಂದು ಆಮೆ ಮರಿ ಜೀವಂತ ಇತ್ತು. ಕುಂಟೆ ಹಿಡಿದವರು ಅದನ್ನು ಎತ್ತಿ, ಲುಂಗಿಯಲ್ಲಿ ಒರೆಸಿ, ನಾಲೆಯ ಮೇಲಿನ ಕಡೆಗೆ ನಡೆದು ಹೋಗಿ ಬಿಟ್ಟು ಬಂದರು. ಮೇಲಿನ ಊರುಗಳಲ್ಲಿ ನಾವು ನದಿಗೆ ಏನು ಹಾಕುತ್ತೇವೆ ಅನ್ನೋದರ ಪಟ್ಟಿ ಆ ಜಾಲರಿಯಲ್ಲಿದೆ. ಮೈಸೂರಿನ ಕಡೆಯಿಂದ ಬಂದ ಕಪಿಲೆಯೂ ತಿ. ನರಸೀಪುರದಲ್ಲಿ ಸೇರಿಕೊಂಡಿರುತ್ತದೆ, ನೆನಪಿಡಿ.

ಆಮೇಲೆ ಗಗನಚುಕ್ಕಿ ಜಲಪಾತ. ಮಳವಳ್ಳಿ ಕಡೆಯ ವೀಕ್ಷಣಾ ಕಟ್ಟೆಯಿಂದ ನೋಡಿದರೆ ಸಾಕು. ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕಡೆ ಬರುತ್ತದೆ, ಬಸ್ಸಿನಲ್ಲಿ ಸುತ್ತಿ ಹೋಗಬೇಕು. ಎರಡರಲ್ಲೂ ನೀರಿಗಿಳಿಸಬೇಡಿ. ಈ ಮಾತನ್ನು ಕೈಮುಗಿದು ಹೇಳುತ್ತಿದ್ದೇನೆ. ಬಂಡೆಯ ಮೇಲಿನ ಪಾಚಿ ಒಣಗಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಮೇಲೆ ನೀರು ಬಿಟ್ಟರೆ ಇಲ್ಲಿ ನಿಂತವರಿಗೆ ಗೊತ್ತಾಗುವಷ್ಟರಲ್ಲಿ ಮಟ್ಟ ಏರಿರುತ್ತದೆ. ಮೊಸಳೆಯೂ ಇದೆ. ನಾನು ಬಂಡೆಗಳ ಮೇಲೆ ನಡೆದದ್ದು ನೀರಿನ ಕೆಲಸ ಬಲ್ಲವರ ಜೊತೆಗೆ, ಮೇಲಿನಿಂದ ಎಷ್ಟು ನೀರು ಬರುತ್ತಿದೆ ಅಂತ ತಿಳಿದುಕೊಂಡು. ಮಕ್ಕಳಿಗೆ ದಡದಿಂದಲೇ ಎಲ್ಲ ತೋರಿಸಬಹುದು. ಬೈನಾಕ್ಯುಲರ್ ಒಂದೆರಡು ಸಿಕ್ಕರೆ ಸಾಕು.

ದಡದಿಂದ ಏನು ಕಾಣುತ್ತದೆ? ಮೊದಲು ಬಂಡೆ ನೋಡಿ. ಬಂಡೆಯ ಮೇಲೆ ಕಪ್ಪು ಮತ್ತು ತಿಳಿ ಬಣ್ಣದ ಗೆರೆಗಳಿರುತ್ತವೆ. ನೀರು ಎಲ್ಲಿಯವರೆಗೆ ಬಂದು ಹೋಗುತ್ತದೆ ಅನ್ನೋದು ಅದರಲ್ಲಿ ಬರೆದಿರುತ್ತದೆ. ಇವತ್ತಿನ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಒದ್ದೆ ಪಟ್ಟಿ ಇದ್ದರೆ ಕೆಲವು ಗಂಟೆಗಳ ಹಿಂದೆ ನೀರು ಜಾಸ್ತಿ ಇತ್ತು ಎಂದರ್ಥ. ಕರೆಂಟಿಗೆ ಬೇಡಿಕೆ ಏರಿದಾಗ ಯಂತ್ರ ಓಡಿಸುತ್ತಾರೆ, ಇಳಿದಾಗ ನಿಲ್ಲಿಸುತ್ತಾರೆ. ಪವರ್‌ಹೌಸಿನ ಕೆಳಗೆ ನದಿ ಅದರ ಜೊತೆ ಏರಿಳಿಯುತ್ತದೆ. ಅಂಚಿನ ಮರಳಿನಲ್ಲಿ ಮೊಟ್ಟೆ ಇಟ್ಟ ಮೀನಿಗೆ ಇದು ಕಷ್ಟ. ಬೆಳಗ್ಗೆ ನೀರಿದ್ದ ಜಾಗ ಮಧ್ಯಾಹ್ನ ಒಣಗಿರುತ್ತದೆ.

ನಂತರ ಮರ. ನದಿಯಂಚಿನ ಹೊಳೆಮತ್ತಿ ಮರಗಳನ್ನು ಮಕ್ಕಳು ಗುರುತಿಸಲಿ. ನಯವಾದ, ಬೂದು ಬಿಳುಪಿನ ಕಾಂಡ, ಸುಲಿದು ಬೀಳುವ ತೊಗಟೆ. ಬೇರು ಬಂಡೆಯನ್ನು ತಬ್ಬಿಕೊಂಡು ನೀರಿನ ಕಡೆಗೇ ಇಳಿದಿರುತ್ತದೆ. ಆ ಮರದ ಸಾಲು ಇದ್ದರೆ ದಡ ಕೊಚ್ಚಿ ಹೋಗುವುದಿಲ್ಲ. ಕೆಳಗಿನ ಕಾವೇರಿ ವನ್ಯಜೀವಿಧಾಮದಲ್ಲಿ ಈ ಮರಗಳ ಮೇಲೇ ಬೂದು ಬಣ್ಣದ ದೊಡ್ಡ ಅಳಿಲು ಓಡಾಡುತ್ತದೆ. 1987ರಲ್ಲಿ ಆದ ಧಾಮ ಅದು, ಈಗ 1,000 ಚದರ ಕಿ.ಮೀ.ಗೂ ಜಾಸ್ತಿ ಇದೆ. ಕಾವೇರಿಗೇ ಮೀಸಲಾದ ಗೂನುಬೆನ್ನಿನ ಮಹಶೀರ್ ಮೀನು ಬದುಕಬೇಕಾದ್ದೂ ಇದೇ ನೀರಿನಲ್ಲಿ. ನಮ್ಮ ಹಿರಿಯರು ಬಿಳಿಮೀನು ಅನ್ನುತ್ತಿದ್ದರು. ಜಗತ್ತಿನಲ್ಲಿ ಬೇರೆ ಯಾವ ನದಿಯಲ್ಲೂ ಇಲ್ಲ. 2018ರಿಂದ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹುಡುಗಿ ಕೇಳಿದಳಲ್ಲ, ನಮ್ಮಲ್ಲಿ ಯಾಕಿಲ್ಲ ಅಂತ? ಇಟೈಪುವಿನವರು ಬೇಲಿ ಹಾಕಿ ಉಳಿಸಿಕೊಂಡದ್ದು ನಮ್ಮಲ್ಲಿ ಪವರ್‌ಹೌಸಿನ ಕೆಳಗೆ ಬೇಲಿ ಇಲ್ಲದೆ ಇನ್ನೂ ಉಳಿದಿದೆ. ನಾವು ಮಕ್ಕಳಿಗೆ ಅದನ್ನು ಹಾಗೆ ಪರಿಚಯಿಸಿಲ್ಲ, ಅಷ್ಟೇ.

ನೀರುನಾಯಿ ಕಾಣಬಹುದು, ಕಾಣದೆಯೂ ಇರಬಹುದು. ಆದರೆ ಅದರ ಗುರುತು ಸಿಗುತ್ತದೆ. ನೀರಿನ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಅವು ಗುಂಪಾಗಿ ಬಂದು ಹಿಕ್ಕೆ ಹಾಕುತ್ತವೆ, ಪದೇ ಪದೇ ಅದೇ ಜಾಗದಲ್ಲಿ. ಒಣಗಿದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿದರೆ ಒಳಗೆಲ್ಲ ಮೀನಿನ ಹುರುಪೆ, ಮುಳ್ಳು, ಏಡಿಯ ಚಿಪ್ಪಿನ ಕೆಂಪು ಚೂರು. ಕೈಯಲ್ಲಿ ಮುಟ್ಟಬಾರದು, ಮೀನಿನ ವಾಸನೆ ಗಪ್ ಅಂತ ಹೊಡೆಯುತ್ತದೆ. ಬಂಡೆ ದಡಕ್ಕೆ ಸೇರಿಕೊಂಡೇ ಇದ್ದರೆ ಮತ್ತು ಜಾಗ ಬಲ್ಲವರು ಜೊತೆಗಿದ್ದರೆ, ನೀವೊಬ್ಬರೇ ಹೋಗಿ ಕಾಗದದ ಮೇಲೆ ಎತ್ತಿ ತಂದು ತೋರಿಸಿ. ಹುರುಪೆ ದೊಡ್ಡದಿದೆಯಾ, ಚಿಕ್ಕದಿದೆಯಾ ಅಂತ ಮಕ್ಕಳು ಅಳೆಯಲಿ. ನೀರಿನೊಳಗೆ ಎಂಥ ಮೀನಿದೆ ಅನ್ನೋದನ್ನು ಬಲೆ ಹಾಕದೆ ತಿಳಿದುಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಯಾವಾಗ ಹೋಗಬೇಕು? ಎಲ್ಲರೂ ಆಗಸ್ಟ್‌ನಲ್ಲಿ ಹೋಗುತ್ತಾರೆ, ಜಲಪಾತ ಭೋರ್ಗರೆಯುವಾಗ. ಆಗ ಜನಜಂಗುಳಿ, ಬಂಡೆಯೆಲ್ಲ ನೀರಿನಡಿ, ಪಾಠಕ್ಕೆ ಏನೂ ಸಿಗುವುದಿಲ್ಲ. ನೀವು ಜನವರಿಯ ಮೊದಲ ಎರಡು ವಾರದಲ್ಲಿ ಹೋಗಿ. ಜಲಪಾತದಲ್ಲಿ ನೀರು ಕಡಿಮೆ ಇರುತ್ತದೆ ಎಂದು ಮಕ್ಕಳು ಬೇಜಾರು ಮಾಡಿಕೊಂಡರೆ, ಉಳಿದ ನೀರು ಎಲ್ಲಿ ಹೋಯಿತು ಎಂದು ಅವರನ್ನೇ ಕೇಳಿ. ಅಲ್ಲಿಂದಲೇ ಪಾಠ ಶುರುವಾಗುತ್ತದೆ.

ಜನವರಿ ಎಂದದ್ದಕ್ಕೆ ಇನ್ನೊಂದು ಕಾರಣ ಕೊಕ್ಕರೆ ಬೆಳ್ಳೂರು. ವಾಪಸ್ ಬರುವಾಗ ಮಳವಳ್ಳಿಯಿಂದ ಮದ್ದೂರು ಕಡೆ ತಿರುಗಿದರೆ ಸಂಜೆಗೆ ಮೊದಲು ಅಲ್ಲಿರುತ್ತೀರಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರ ಒಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹಟ್ಟಿಯಲ್ಲಿ ದನ ಕಟ್ಟಿರುತ್ತಾರೆ, ಮೇಲೆ ಹಕ್ಕಿ ಮರಿ ಸಾಕುತ್ತಿರುತ್ತದೆ. ಹಿಕ್ಕೆ ಗೊಬ್ಬರಕ್ಕೆ ಹೋಗುತ್ತದೆ. ಪಕ್ಕದಲ್ಲಿ ಶಿಂಷಾ ನದಿ. ಅದರ ಹೆಸರಿನ ಪವರ್‌ಹೌಸ್ ಕೂಡ ನಮ್ಮ ಜಿಲ್ಲೆಯಲ್ಲೇ ಇದೆ, 1940ರದ್ದು. ಅಲ್ಲಿಗೆ ಈ ಪ್ರವಾಸದಲ್ಲಿ ಹೋಗಬೇಡಿ, ಹೊತ್ತು ಸಾಲದು.

ಇನ್ನೊಂದು ದಿನ ರಂಗನತಿಟ್ಟಿಗೆ ಹೋದರೆ ಅಲ್ಲಿ ಇದನ್ನು ಹೇಳಿ. ಆ ನಡುಗಡ್ಡೆಗಳು ಆದದ್ದು 17ನೇ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಕಟ್ಟಿಸಿದ ಒಂದು ಕಟ್ಟೆಯಿಂದ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಟ್ಟೆ ಕಟ್ಟಿದರೆ ಎಲ್ಲ ಹಾಳು ಎಂದು ಮಕ್ಕಳಿಗೆ ಹೇಳಿಕೊಡಬೇಡಿ, ಅದು ಸುಳ್ಳು. ಕಟ್ಟೆಯ ಮೇಲಿಂದ ನೀರು ಯಾವಾಗಲೂ ಹರಿದು ಹೋಗುತ್ತಿದ್ದರೆ ಹಕ್ಕಿಗಳು ತಾವಾಗಿ ಬಂದು ಸೇರುತ್ತವೆ. ರಂಗನತಿಟ್ಟು ಅದಕ್ಕೆ ಸಾಕ್ಷಿ.

ಪ್ರತಿ ಮಗುವಿಗೂ ಒಂದು ಹಾಳೆ ಕೊಟ್ಟು ನಕ್ಷೆ ಬರೆಸಿ. ಮೇಲಿನ ಕಟ್ಟೆ, ನಾಲೆ, ಕೊಳವೆ, ಪವರ್‌ಹೌಸ್, ಹಳೇ ನದಿ. ನಾಲೆಯ ನೀರಿಗೆ ಒಂದು ಬಣ್ಣ, ಹಳೇ ನದಿಯ ನೀರಿಗೆ ಇನ್ನೊಂದು. ಎಷ್ಟು ನೀರು ಕಂಡಿತೋ ಅಷ್ಟು ದಪ್ಪಕ್ಕೆ ಗೆರೆ ಎಳೆಯಲಿ. ಆಗಸ್ಟ್‌ನಲ್ಲಿ ಇದೇ ಜಾಗಕ್ಕೆ ಬಂದ ಮನೆಯವರ ಫೋಟೊ ಯಾರ ಫೋನಿನಲ್ಲಾದರೂ ಇರುತ್ತದೆ. ಅದನ್ನು ನೋಡಿ ಎರಡನೇ ನಕ್ಷೆ ಬರೆಯಲಿ. ಎರಡನ್ನೂ ಪಕ್ಕಪಕ್ಕ ಗೋಡೆಗೆ ಅಂಟಿಸಿ. ಒಂದೆರಡು ನನಗೂ ಕಳಿಸಿ ಮೇಷ್ಟ್ರೇ, ಆ ಹುಡುಗಿಯದನ್ನಂತೂ ಮರೆಯಬೇಡಿ.